ಸರ್ ಬರೆದ ಡ್ರೈವರ್

ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಒಳರಸ್ತೆಗೆ ತಿರುಗಿದರೆ ಸಿಗುವ ಒಂದು ಸಣ್ಣ ಟೆಸ್ಟಿಂಗ್ ಲ್ಯಾಬಿನಲ್ಲಿ ನನಗೆ ಕೆಲಸ. ಕಾರ್ಖಾನೆಗಳಿಂದ ಬರುವ ಫ್ಯಾನು, ಪಂಪು, ಮೋಟಾರುಗಳನ್ನು ಕಬ್ಬಿಣದ ಮೇಜಿಗೆ ಬೋಲ್ಟ್ ಹಾಕಿ ಬಿಗಿದು, ಓಡಿಸಿ, ಅವು ಎಷ್ಟು ನಡುಗುತ್ತವೆ ಎಂದು ಅಳೆದು ವರದಿ ಕೊಡುತ್ತೇವೆ. ಅಳತೆಯೆಲ್ಲ ಹೋಗಿ ಸೇರುವುದು ಮೂಲೆಯಲ್ಲಿರುವ ಒಂದು ಹಳೆಯ ವರ್ಕ್‌ಸ್ಟೇಷನ್ನಿಗೆ. ಅದರೊಳಗೆ ಆ ನಡುಕವನ್ನು ಅಂಕಿಗಳಾಗಿ ಮಾಡಿಕೊಡುವ ಒಂದು ಅಳತೆಯ ಕಾರ್ಡು ಇದೆ. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ. ಆ ಕಾರ್ಡು ಲಿನಕ್ಸಿನಲ್ಲಿ ಕೆಲಸ ಮಾಡುವಂತೆ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮು ಬರೆದವರು ನಮ್ಮ ಸರ್.

ನಾನು ಹುಬ್ಬಳ್ಳಿಯಿಂದ ಬಂದು ಸೇರಿದಾಗ ಕೆಲಸ ಕಲಿಸಿದವರೂ ಅವರೇ. ಮಾತು ಕಡಿಮೆ. ನನ್ನ ಭಾಷೆ ಕೇಳಿ ಮಾತ್ರ ಅವರಿಗೆ ನಗು ಬರುತ್ತಿತ್ತು. ‘ಏನಾತ್ರೀ ಸರ್’ ಎಂದರೆ ‘ಏನೂ ಆಗ್ಲಿಲ್ರೀ ಮೇಡಂ’ ಎಂದು ನನ್ನ ಧಾಟಿಯಲ್ಲೇ ಹೇಳಿ ಮತ್ತೆ ಪರದೆಯ ಕಡೆ ತಿರುಗುತ್ತಿದ್ದರು. ಊರು, ಮನೆ, ಮಕ್ಕಳು ಎಂದು ನಾವು ಮಾತಾಡಿದ್ದು ನೆನಪಿಲ್ಲ. ಎಷ್ಟೋ ವರ್ಷ ಅಕ್ಕಪಕ್ಕ ಕೂತು ಆ ಯಂತ್ರದ ಬಗ್ಗೆಯೇ ಮಾತಾಡಿದೆವು. ಅವರು ನಿವೃತ್ತರಾದ ಮರುವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಲ್ಲಿ ನೋಡಿ ಬಂದಿದ್ದೆ. ನನ್ನ ಗುರುತು ಹಿಡಿದರು, ಏನೋ ಹೇಳಲು ಹೋದರು, ಬಾಯಿಂದ ಬಂದದ್ದು ಬೇರೆಯೇ ಶಬ್ದ. ಅದು ಅವರಿಗೂ ಗೊತ್ತಾಗಿ ಮುಖ ತಿರುಗಿಸಿಕೊಂಡರು.

ಅದಾದ ಮೇಲಿನ ಬೇಸಿಗೆಯಲ್ಲಿ ವರ್ಕ್‌ಸ್ಟೇಷನ್ನಿನ ಡಿಸ್ಕು ಕಟಕಟ ಸದ್ದು ಮಾಡತೊಡಗಿತು. ಸಾಯುವ ಮುಂಚೆ ಬದಲಾಯಿಸಬೇಕಿತ್ತು. ಆ ಮಾದರಿಯ ಡಿಸ್ಕು ಈಗ ಎಲ್ಲೂ ಸಿಗುವುದಿಲ್ಲವಾದ್ದರಿಂದ ಹೊಸ ಡಿಸ್ಕು ತಂದು, ಅದನ್ನು ಜೋಡಿಸಲು ಇನ್ನೊಂದು ಕಾರ್ಡು ಹಾಕಿದೆ. ಆ ಕಾರ್ಡನ್ನು ಹಳೆಯ ಕರ್ನಲ್ ಗುರುತಿಸಲಿಲ್ಲ. ಕರೆಂಟು ಹಾಕಿದೊಡನೆ ಮೊದಲು ಎದ್ದು ಉಳಿದ ಎಲ್ಲವನ್ನೂ ಎಬ್ಬಿಸುವ ಭಾಗವೇ ಈ ಕರ್ನಲ್. ಹೊಸದನ್ನು ತಂದು, ಸರ್ ಬರೆದ ಡ್ರೈವರನ್ನು ಅದಕ್ಕೆ ಹೊಂದಿಸಿ, ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಲು ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿದೆ. ಹಳೆಯ ಯಂತ್ರ, ಒಂದು ಹಗಲು ಪೂರ್ತಿ ಏದುಸಿರು ಬಿಡುತ್ತಾ ಕೆಲಸ ಮಾಡಿತು.

ಮೊದಲ ಸಲ ಬೂಟ್ ಮಾಡಿದಾಗ ಡಿಸ್ಕೇ ಸಿಗುತ್ತಿಲ್ಲ ಎಂದು ಹೇಳಿ ನಿಂತಿತು. ಅದು ನಿರೀಕ್ಷೆ ಇದ್ದದ್ದೇ. ಡಿಸ್ಕಿನ ಡ್ರೈವರು ಡಿಸ್ಕಿನೊಳಗೇ ಕೂತಿತ್ತು, ಅದನ್ನು ತೆರೆಯಲು ಅದೇ ಬೇಕಿತ್ತು. ಆ ಡ್ರೈವರನ್ನು ಕರ್ನಲ್ಲಿನೊಳಗೇ ಸೇರಿಸಿ ಮತ್ತೆ ಕಟ್ಟಿದೆ. ಈ ಸಲ ಮುಂದೆ ಹೋಯಿತು, ಸರ್ ಬರೆದ ಡ್ರೈವರು ಎದ್ದೇಳುವ ಹೊತ್ತಿಗೆ ಕುಸಿಯಿತು. ಪರದೆ ತುಂಬ ಸಂಖ್ಯೆಗಳು, ಕೀಬೋರ್ಡಿನ ದೀಪಗಳು ಮಿಟುಕುತ್ತಿವೆ, ಒತ್ತಿದರೆ ಯಾವ ಕೀಗೂ ಜೀವವಿಲ್ಲ.

ಆಫ್ ಮಾಡಿ ಮತ್ತೆ ಹಾಕಿದರೆ ಸಲೀಸಾಗಿ ಎದ್ದುಬಿಟ್ಟಿತು! ಮ್ಯಾನೇಜರಿಗೆ ‘ಆಯ್ತು ಸರ್’ ಎಂದೂ ಹೇಳಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ಮತ್ತೊಮ್ಮೆ ಬೂಟ್ ಮಾಡಿದರೆ ಅದೇ ಕುಸಿತ. ಮರುದಿನ ಬೆಳಿಗ್ಗೆ ಸರಿ, ಸಂಜೆ ಇಲ್ಲ. ಪ್ರತಿ ಸಲವೂ ಕೆಡುವ ಯಂತ್ರವನ್ನು ಹೇಗೋ ಹಿಡಿಯಬಹುದು. ಕೆಲವೊಮ್ಮೆ ಮಾತ್ರ ಕೆಡುವುದು ಮನುಷ್ಯರನ್ನು ಸವೆಸಿಬಿಡುತ್ತದೆ. ಮೆಮೊರಿ ಬದಲಾಯಿಸಿದೆ. ಕಾರ್ಡುಗಳನ್ನು ಕಿತ್ತು, ಒರೆಸಿ, ಮತ್ತೆ ಕೂರಿಸಿದೆ. ಸರ್ ಬರೆದ ಡ್ರೈವರನ್ನು ತಡೆಹಿಡಿದರೆ ಒಂದು ಸಲವೂ ಕುಸಿಯಲಿಲ್ಲ. ಆದರೆ ಅದಿಲ್ಲದೆ ಅಳತೆ ಇಲ್ಲ. ಅಳತೆ ಇಲ್ಲದಿದ್ದರೆ ಆ ಯಂತ್ರಕ್ಕೆ ಕೆಲಸವೇ ಇಲ್ಲ.

ಮ್ಯಾನೇಜರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ‘ಮೇಡಂ, ಇವತ್ತಾದ್ರೂ ಏಳತ್ತಾ? ಕಸ್ಟಮರ್ ಫೋನ್ ಮೇಲೆ ಫೋನ್ ಮಾಡ್ತಿದಾರೆ.’

‘ಒಮ್ಮೊಮ್ಮೆ ಏಳ್ತದ ಸರ್, ಒಮ್ಮೊಮ್ಮೆ ಇಲ್ಲ.’

‘ಒಮ್ಮೊಮ್ಮೆ ಅಂದ್ರೆ ಏನ್ ಹೇಳ್ಲಿ ಅವರಿಗೆ?’

ನಾನು ಮತ್ತೊಮ್ಮೆ ಪವರ್ ಬಟನ್ ಒತ್ತಿದೆ.

ಪರದೆಯಲ್ಲಿ ಕಾಣುತ್ತಿದ್ದುದು ಸಂದೇಶದ ಬಾಲ ಮಾತ್ರ. ಮುಖ್ಯವಾದದ್ದು ಮೇಲೆ ಸರಿದು ಹೋಗಿರುತ್ತಿತ್ತು. ಸೀರಿಯಲ್ ಕೇಬಲ್ ಹುಡುಕಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಅದು ಸಾಯುವ ಮುಂಚೆ ಹೇಳಿದ್ದನ್ನೆಲ್ಲ ಹಿಡಿದಿಟ್ಟುಕೊಂಡೆ. ಕುಸಿತ ಆಗುತ್ತಿದ್ದುದು ಸರ್ ಬರೆದ ಡ್ರೈವರಿನೊಳಗೇ ಎಂಬುದು ಖಚಿತವಾಯಿತು. ಏಕೆ ಎಂಬುದು ತಿಳಿಯಲಿಲ್ಲ. ಇಷ್ಟು ವರ್ಷ ಒಮ್ಮೆಯೂ ತಪ್ಪದ ಕೋಡು ಅದು. ಅದರಲ್ಲಿ ತಪ್ಪು ಹುಡುಕುವುದಕ್ಕೇ ನನ್ನ ಕಣ್ಣು ಒಪ್ಪುತ್ತಿರಲಿಲ್ಲ.

ಭಾನುವಾರ ಸರ್ ಮನೆಗೆ ಹೊರಟೆ. ಎಂ.ಎಸ್. ಪಾಳ್ಯದ ಕಡೆಯಿಂದ ಯಲಹಂಕಕ್ಕೆ ಬಸ್ಸು, ಅಲ್ಲಿಂದ ಪುಟ್ಟೇನಹಳ್ಳಿಗೆ ಆಟೋ. ಕೋಡನ್ನೂ ಕುಸಿತದ ಸಂದೇಶವನ್ನೂ ದಪ್ಪಕ್ಷರದಲ್ಲಿ ಪ್ರಿಂಟ್ ಮಾಡಿ ಚೀಲದಲ್ಲಿಟ್ಟುಕೊಂಡಿದ್ದೆ. ಮಾತು ಹೋಗಿದ್ದರೂ ಕೋಡು ಓದಲು ಬರಬಹುದು ಎಂಬ ಆಸೆ. ಜೊತೆಗೆ, ತಮ್ಮ ಯಂತ್ರದ ಸುದ್ದಿ ಕೇಳಿದರೆ ಅವರಿಗೆ ಜೀವ ಬಂದಂತಾಗಬಹುದು ಎಂದೂ ಅನಿಸಿತ್ತು.

ಅವರ ಹೆಂಡತಿ ಬಾಗಿಲು ತೆರೆದರು. ‘ಬಾಮ್ಮ. ಈಗಷ್ಟೇ ಸ್ನಾನ ಮಾಡ್ಸಿ ಕೂರ್ಸಿದೀನಿ’ ಎಂದರು. ಸರ್ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಬಲಗೈಯನ್ನು ದಿಂಬಿನ ಮೇಲೆ ಇಟ್ಟಿದ್ದರು. ತುಂಬ ಸಣ್ಣಗಾಗಿದ್ದರು, ಅಂಗಿಯ ಕಾಲರಿನೊಳಗೆ ಕತ್ತು ತೂಗಾಡುವಂತಿತ್ತು. ವಾಯುಪಡೆಯ ವಿಮಾನವೊಂದು ಮನೆಯ ಮೇಲೆಯೇ ಹಾದುಹೋಯಿತು. ಸರ್ ಬೆಚ್ಚಿಬಿದ್ದರು. ಅಷ್ಟು ವರ್ಷ ಆ ಸದ್ದಿನ ಕೆಳಗೇ ಬದುಕಿದವರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಡಿಸ್ಕು, ಹೊಸ ಕಾರ್ಡು, ಹೊಸ ಕರ್ನಲ್, ಒಮ್ಮೊಮ್ಮೆ ಆಗುವ ಕುಸಿತ. ಅವರ ಕಣ್ಣು ನಿಧಾನವಾಗಿ ಚುರುಕಾಯಿತು. ಹಾಳೆಗಳನ್ನು ಮಡಿಲಲ್ಲಿ ಇಟ್ಟೆ. ಎಡಗೈಯ ಬೆರಳಿನಲ್ಲಿ ಕುಸಿತದ ಸಂದೇಶವನ್ನು ಸಾಲುಸಾಲಾಗಿ ತಡವಿದರು. ಆಮೇಲೆ ಕೋಡಿನ ಹಾಳೆ ತಿರುವಿದರು. ಒಂದು ಕಡೆ ಬೆರಳು ನಿಂತಿತು. ನನ್ನ ಮುಖ ನೋಡಿ ‘ಇದು... ಇದು... ತಟ್ಟೆ’ ಎಂದರು.

ಅವರ ಹೆಂಡತಿ ಅಡುಗೆಮನೆಯಿಂದಲೇ ‘ಎಲ್ಲಕ್ಕೂ ತಟ್ಟೆ ಅಂತಾರಮ್ಮ, ಬೇಜಾರು ಮಾಡ್ಕೋಬೇಡ’ ಎಂದರು.

ಸರ್ ತಲೆ ಅಲ್ಲಾಡಿಸಿದರು. ಹೆಬ್ಬೆರಳನ್ನು ಅದೇ ಸಾಲಿನ ಮೇಲಿಟ್ಟು, ತೋರುಬೆರಳನ್ನು ಕೆಳಗಿನ ಇನ್ನೊಂದು ಸಾಲಿಗೆ ಒಯ್ದು, ಎರಡನ್ನೂ ಅದಲುಬದಲು ಮಾಡುವಂತೆ ಕೈ ತಿರುಗಿಸಿ ತೋರಿಸಿದರು. ನನಗೆ ಹೊಳೆಯಿತು. ಅಳತೆಯ ಕಾರ್ಡು ಕರ್ನಲ್ಲನ್ನು ಕೂಗಿ ಕರೆಯಲು ಒಂದು ತಂತಿ ಇದೆ. ಆ ಕರೆ ಬಂದರೆ ಓಗೊಡುತ್ತೇನೆ ಎಂದು ಡ್ರೈವರು ಮೇಲಿನ ಸಾಲಿನಲ್ಲಿ ಒಪ್ಪಿಕೊಳ್ಳುತ್ತಿತ್ತು. ಓಗೊಡಲು ಬೇಕಾದ ಜಾಗವನ್ನು ಮೆಮೊರಿಯಲ್ಲಿ ಸಿದ್ಧಮಾಡಿಕೊಳ್ಳುತ್ತಿದ್ದುದು ಕೆಳಗಿನ ಸಾಲಿನಲ್ಲಿ. ಇಷ್ಟು ದಿನ ಆ ತಂತಿಯಲ್ಲಿ ಬೇರೆ ಯಾರೂ ಇರಲಿಲ್ಲ, ಅಷ್ಟು ಬೇಗ ಕರೆ ಬರುತ್ತಿರಲಿಲ್ಲ. ನಾನು ಹಾಕಿದ ಡಿಸ್ಕಿನ ಕಾರ್ಡು ಅದೇ ತಂತಿಯನ್ನು ಹಂಚಿಕೊಂಡಿತ್ತು. ಆ ಎರಡು ಸಾಲುಗಳ ನಡುವಿನ ಕ್ಷಣದಲ್ಲಿ ಡಿಸ್ಕು ಕೂಗಿದರೆ ಯಂತ್ರ ಕುಸಿಯುತ್ತಿತ್ತು. ಕೂಗದಿದ್ದರೆ ಏಳುತ್ತಿತ್ತು.

‘ಹೌದ್ರೀ ಸರ್! ಇದಽ ನೋಡ್ರೀ!’ ಎಂದು ಕೂಗಿಬಿಟ್ಟೆ. ವಾರಗಟ್ಟಲೆ ನನಗೆ ಸಿಗದ್ದು ಅವರಿಗೆ ಅರ್ಧ ತಾಸಿನೊಳಗೆ ಸಿಕ್ಕಿತ್ತು.

ಸರ್ ನಗಲಿಲ್ಲ. ಹಾಳೆಯನ್ನು ನೋಡುತ್ತಲೇ ಇದ್ದರು. ಆಮೇಲೆ ಬೆರಳಿನಿಂದ ತಮ್ಮ ಎದೆಯನ್ನು ಮುಟ್ಟಿಕೊಂಡರು. ಹಾಳೆಯನ್ನು ಮುಟ್ಟಿದರು, ಮತ್ತೆ ಎದೆ ಮುಟ್ಟಿಕೊಂಡರು. ಇದು ನಾನು ಮಾಡಿದ ತಪ್ಪು ಎಂದು ಹೇಳುತ್ತಿದ್ದರು.

‘ಇಲ್ಲ ಸರ್, ತಪ್ಪು ನಂದು. ನಾ ಆ ಕಾರ್ಡು ಬ್ಯಾರೆ ಕಡೆ ಹಾಕಿದ್ರ ಏನೂ ಆಗ್ತಿದ್ದಿಲ್ಲ’ ಎಂದೆ.

ಸಾಲುಗಳ ಕ್ರಮ ಮೊದಲಿನಿಂದಲೂ ತಪ್ಪಾಗಿತ್ತು, ನನ್ನ ಮಾತು ಸುಳ್ಳು ಎಂಬುದು ಅವರಿಗೆ ಗೊತ್ತಿತ್ತು. ನನಗೆ ಅದನ್ನೆಲ್ಲ ಕಲಿಸಿದವರೇ ಅವರು. ಅವರ ಕಣ್ಣಲ್ಲಿ ನೀರು ಬಂತು, ಎಡಗೈಯಿಂದ ಹಾಳೆಗಳನ್ನು ಮಡಿಲಿನಿಂದ ತಳ್ಳಿದರು. ನಾನು ಬಗ್ಗಿ ಒಂದೊಂದಾಗಿ ಆರಿಸಿಕೊಂಡೆ. ಅವರ ಹೆಂಡತಿ ಬಂದು ಸೆರಗಿನಿಂದ ಅವರ ಮುಖ ಒರೆಸಿ, ‘ಈ ಕಾಯಿಲೆ ಬಂದ್ಮೇಲೆ ಅಳು ಜಾಸ್ತಿ ಕಣಮ್ಮ’ ಎಂದರು. ಕಾಯಿಲೆಯ ಅಳು ಅದಾಗಿರಲಿಲ್ಲ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಆಂಟಿಗೆ ಹೇಳಿ ಹೊರಟೆ.

ಸೋಮವಾರ ಆ ಎರಡು ಸಾಲುಗಳನ್ನು ಅದಲುಬದಲು ಮಾಡಿದೆ. ಅಂದು ಇಡೀ ದಿನ ಯಂತ್ರವನ್ನು ಆರಿಸುವುದು, ಹಾಕುವುದು ಇದೇ ಕೆಲಸ. ಪ್ರತಿ ಸಲವೂ ಎದ್ದಿತು. ಮ್ಯಾನೇಜರು ‘ಸೂಪರ್ ಮೇಡಂ’ ಎಂದರು. ಸರಿಮಾಡಿದವರು ಸರ್ ಎಂದೆ. ‘ಹೌದಾ, ಹೇಗಿದಾರೆ ಈಗ?’ ಎಂದು ಕೇಳಿ, ಉತ್ತರ ಮುಗಿಯುವ ಮುಂಚೆ ಫೋನು ಎತ್ತಿಕೊಂಡರು.

ಮುಂದಿನ ಭಾನುವಾರ ಆ ಸುದ್ದಿ ಹೇಳಲು ಹೋದೆ. ಆಂಟಿ ನನ್ನನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಮೆಲ್ಲಗೆ ಹೇಳಿದರು.

‘ನೀನು ಬಂದ್ ಹೋದ್ಮೇಲೆ ಸರಿಯಾಗಿ ಊಟಾನೇ ಮಾಡ್ಲಿಲ್ಲಮ್ಮ. ಗೋಡೆ ನೋಡ್ಕೊಂಡು ಕೂತಿರ್ತಾರೆ. ನೀನು ಬರ್ಬೇಡ ಅಂತಿಲ್ಲ, ಬಾ. ಆಫೀಸ್ ಮಾತು ಮಾತ್ರ ಬೇಡ.’

‘ಮಷಿನ್ ಸರಿ ಆತು ಅಂತ ಹೇಳಕ್ಕ ಬಂದಿದ್ದೆ ಆಂಟಿ.’

‘ಬೇಡಮ್ಮ. ಅದನ್ನೂ ಹೇಳ್ಬೇಡ.’

ಒಳಗೆ ಹೋಗಿ ಕೂತೆ. ಸರ್ ನನ್ನ ಕೈಚೀಲದ ಕಡೆಗೊಮ್ಮೆ ನೋಡಿ ಕಣ್ಣು ತೆಗೆದರು. ಸೆಖೆ ಜಾಸ್ತಿ ಎಂದೆ. ಕೆರೆಯ ಪಕ್ಕ ಹೊಸ ಅಪಾರ್ಟ್‌ಮೆಂಟು ಏಳುತ್ತಿದೆ ಎಂದೆ. ಅವರು ತಲೆಯಾಡಿಸಿದರು. ಮಾತು ಅಲ್ಲಿಗೇ ಮುಗಿಯಿತು. ಆ ಯಂತ್ರವನ್ನು ಬಿಟ್ಟರೆ ಇವರೊಡನೆ ಮಾತಾಡಲು ನನ್ನಲ್ಲಿ ಏನೂ ಇಲ್ಲ ಎಂದು ಅವತ್ತು ತಿಳಿಯಿತು. ಅವರಿಗೂ ಹಾಗೇ ಅನಿಸಿರಬೇಕು. ಇಬ್ಬರೂ ಟಿವಿ ನೋಡುತ್ತಾ ಕಾಫಿ ಕುಡಿದೆವು. ಅವರ ಲೋಟವನ್ನು ಆಂಟಿ ಹಿಡಿದಿದ್ದರು.

ಆಮೇಲೂ ಕೆಲವು ಸಲ ಹೋದೆ. ಮಳೆಗಾಲದ ಹೊತ್ತಿಗೆ ಸರ್‌ಗೆ ಪಾರ್ಶ್ವವಾಯು ಇನ್ನೊಮ್ಮೆ ಹೊಡೆಯಿತು. ಈ ಸಲ ಅವರು ಉಳಿಯಲಿಲ್ಲ. ನಾನು ತಲುಪುವ ಹೊತ್ತಿಗೆ ಮನೆಯ ಮುಂದೆ ಚಪ್ಪಲಿಗಳ ರಾಶಿ, ಬಾಗಿಲಲ್ಲಿ ಗುರುತಿಲ್ಲದ ನೆಂಟರು. ಒಬ್ಬರು ‘ನೀವು ಯಾರ್ ಕಡೆಯವರು?’ ಎಂದು ಕೇಳಿದರು. ‘ಜೊತೆಗೆ ಕೆಲಸ ಮಾಡ್ತಿದ್ವಿ’ ಎಂದೆ. ‘ಓ, ಆಫೀಸಿನವರು’ ಎಂದು ದಾರಿ ಬಿಟ್ಟರು.

ಆಂಟಿ ನನ್ನ ಕೈ ಹಿಡಿದುಕೊಂಡರು. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ‘ಅವತ್ತು ಅದೇನೋ ಕೆಟ್ಟಿತ್ತಲ್ಲಮ್ಮ. ಅವರು ತೋರಿಸಿದ್ದು ಸರಿ ಇತ್ತಾ?’

‘ಸರಿ ಇತ್ತು ಆಂಟಿ’ ಎಂದೆ.

ಅವರು ‘ಅವರಿಗೆ ಹೇಳ್ಬೇಕಿತ್ತೇನೋ’ ಎಂದರು. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಒಳಗೆ ಹೋದರು.