ನೊರೆಗೂಡಿನ ಬಾಣಂತನ

ಏಳನೇ ತಿಂಗಳಲ್ಲಿ ನನ್ನನ್ನು ಹಿಂದೂಪುರದ ತವರಿಗೆ ಬಿಡಲು ಬಂದ ನನ್ನ ಗಂಡ, ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಎರಡು ಗಾಜಿನ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ನನ್ನ ಸೀರೆಯ ಚೀಲ ಯಾರದೋ ಕಾಲಡಿ ಬಿದ್ದಿತ್ತು. ಒಂದು ಬಾಟಲಿಯಲ್ಲಿ ನೀಲಿ ರೆಕ್ಕೆ ಹರಡಿದ ಗಂಡು ಫೈಟರ್ ಮೀನು, ಇನ್ನೊಂದರಲ್ಲಿ ಮಾಸಲು ಬಣ್ಣದ ಹೆಣ್ಣು. ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಆ ಮನುಷ್ಯನಿಗೆ ಮೀನು ಅಂದರೆ ಪ್ರಾಣ. "ನಾನಿಲ್ದಿದ್ರೂ ಇವಿರ್ತವೆ, ನೋಡ್ಕಂಡಿರು" ಅಂದರು. ಯಾರಿಗೆ ಬೇಕಿತ್ತು ಮೀನು! ಹೆರಿಗೆಯಾದ ಮೇಲೆ ಅವರು ನನ್ನ ಪಕ್ಕದಲ್ಲಿರಬೇಕಿತ್ತು, ಅಷ್ಟೇ.

ನಮ್ಮ ಮನೆಯಲ್ಲಿ ಬಾಣಂತಿ ಕೋಣೆಗೆ ಗಂಡ ಕಾಲಿಡುವಂತಿರಲಿಲ್ಲ. ಹೊಸಿಲಾಚೆ ನಿಂತು ಮಗುವಿನ ಮುಖ ನೋಡಿ, ಉಂಡು, ಸಂಜೆ ಬಸ್ಸಿಗೆ ಹೊರಡಬೇಕು. ಮತ್ತೆ ಬರುವುದು ನಾಮಕರಣಕ್ಕೆ. ನಾನು ಬಾಯಿ ತೆರೆದರೆ ಅಮ್ಮ, "ಗಂಡಸ್ರಿಗೆ ಇಲ್ಲೇನ್ ಕೆಲ್ಸ? ಸುಮ್ಕಿರಮ್ಮ" ಅಂತ ಮುಗಿಸಿಬಿಡುತ್ತಿದ್ದಳು.

ಹಿತ್ತಿಲ ನೆರಳಿನಲ್ಲಿ ಟಬ್ಬಿಟ್ಟು, ಅವರು ಹೇಳಿದಂತೆ ಒಣಗಿದ ಬಾದಾಮಿ ಎಲೆಯೊಂದನ್ನು ತೇಲಿಸಿ, ಎರಡನ್ನೂ ಬಿಟ್ಟೆ. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನ ಕರೆಂಟ್ ಹೋದಾಗ ಅಲ್ಲೇ ಕೂರುತ್ತಿದ್ದೆ. ಗಂಡು ಮೀನು ಗುಳ್ಳೆ ಬಿಡುತ್ತಾ ಎಲೆಯಡಿ ನೊರೆಯ ಗೂಡು ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ಅದು ಹೆಣ್ಣನ್ನು ಮೈಯಿಂದ ಸುತ್ತಿಕೊಂಡಿತು. ಎರಡೂ ನಿದ್ದೆ ಹೋದಂತೆ ನಿಂತವು. ರವೆಯಂಥ ಬಿಳಿ ಮೊಟ್ಟೆಗಳು ಮೆಲ್ಲಗೆ ಕೆಳಗಿಳಿದವು. ಗಂಡು ಕೆಳಗೆ ಧುಮುಕಿ ಅವನ್ನು ಬಾಯಲ್ಲಿ ಹೆಕ್ಕಿ ತಂದು ನೊರೆಗೆ ಅಂಟಿಸಿತು. ನನ್ನ ಹೊಟ್ಟೆಯೊಳಗೆ ಮಗು ಹೊರಳಿತು. ನಾನೂ ಆ ಕಂದು ನೀರಿನೊಳಗೇ ಇದ್ದೇನೆ ಅನ್ನಿಸಿ, ಹಾಗೇ ಕಣ್ಣು ಮುಚ್ಚಿದೆ.

ಎಚ್ಚರವಾದಾಗ ಗಂಡು ಮೀನು ಬಾಟಲಿಯಲ್ಲಿತ್ತು! ಅಮ್ಮ ಟೀ ಸೋಸುವ ಜಾಲರಿಯಿಂದ ಎತ್ತಿ ಹಾಕಿದ್ದಳು. "ಥೂ, ಹೆತ್ತೋಳ್ನೇ ಅಟ್ಟಾಡಿಸ್ತಿದ್ದ ಕಣೆ. ಬಾಣಂತಿ ನೆಮ್ದಿಯಾಗಿರ್ಲಿ ಅಂತ ತೆಗ್ದೆ." ಟಬ್ಬು ನೋಡಿದೆ. ನೊರೆ ಹರಿದುಹೋಗಿತ್ತು, ಒಂದು ಮೊಟ್ಟೆಯೂ ಇಲ್ಲ. ತಾಯಿಯೇ ತಿಂದು ಮುಗಿಸಿತ್ತು. ಅಳುತ್ತಲೇ ಗಂಡನಿಗೆ ಫೋನ್ ಮಾಡಿ, ಅಮ್ಮನಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

ಅವರು ಹೇಳಿದರು: "ಮೊಟ್ಟೆ ಇಟ್ಮೇಲೆ ಹೆಣ್ಣನ್ನ ತೆಗೀಬೇಕು. ಬಾಣಂತನವೆಲ್ಲಾ ಗಂಡಿಂದೇ."

"ಇಂಥದ್ದು ಎಲ್ಲಾದ್ರೂ ಉಂಟೇನೆ!" ಅಂದಳು ಅಮ್ಮ.

ಮುಂದಿನ ಸಲ ಮೊಟ್ಟೆಯಿಟ್ಟ ಕೂಡಲೇ ನಾನೇ ಹೆಣ್ಣನ್ನು ತೆಗೆದೆ. ಅಮ್ಮ ನಂಬದೆ, ಅವರೆಕಾಯಿ ಸುಲಿಯುವ ನೆಪದಲ್ಲಿ ಟಬ್ಬಿನ ಪಕ್ಕ ಕೂತಳು. ಎರಡನೇ ದಿನ ಮೊಟ್ಟೆಯೊಡೆದು ಮರಿಗಳು ನೊರೆಯಿಂದ ರೆಪ್ಪೆಗೂದಲಿನಂತೆ ನೇತಾಡುತ್ತಿದ್ದವು. ಜಾರಿ ಬಿದ್ದದ್ದನ್ನೆಲ್ಲ ಅಪ್ಪ ಮೀನು ಬಾಯಲ್ಲಿ ಹಿಡಿದು ಮತ್ತೆ ಮೇಲೆ ಸೇರಿಸುತ್ತಿತ್ತು. ಒಲೆಯ ಮೇಲೆ ಬೇಳೆ ಸೀದ ವಾಸನೆ ಬಂದರೂ ಅಮ್ಮ ಏಳಲಿಲ್ಲ.

"ಉಣ್ಣೋದೂ ಬುಟ್ಟವ್ನಲ್ಲೇ ಇವ್ನು" ಅಂದಳು.

ನನಗೆ ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವರು ಬಂದರು. ಹೊಸಿಲಾಚೆಯಿಂದಲೇ ಮಗುವನ್ನು ನೋಡಿದರು, ಉಂಡರು, ಚೀಲ ಹಿಡಿದು ಮತ್ತೆ ಅಲ್ಲೇ ಬಂದು ನಿಂತರು. "ಬತ್ತೀನಿ ಅತ್ತೆ" ಅಂದರು. ನಾನು ಗೋಡೆ ಕಡೆ ತಿರುಗಿಕೊಂಡೆ.

ಅಮ್ಮ ಅವರ ಕೈಯಿಂದ ಚೀಲ ಕಿತ್ತುಕೊಂಡು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. "ಬಾಗ್ಲಾಗೆ ಯಾಕ್ ನಿಂತ್ರಿ? ಕೈ ತೊಳ್ಕಂಡು ಒಳೀಕ್ ಬನ್ನಿ. ಮಗೀನ್ ಎತ್ಕಳಿ."

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ತೆಲುಗಿನಲ್ಲಿ ಕೂಗಿದಳು: "ಅಲ್ಲುಡು ಇಂಕಾ ಪೋಲೇದಾ, ವದಿನಾ?"

"ಅಳಿಯ ಇನ್ನೂ ಹೋಗಿಲ್ಲ," ಅಂದಳು ಅಮ್ಮ, "ಹೋಗೋದೂ ಇಲ್ಲ."

ಅವರು ಕೈ ತೊಳೆದು, ಹೊಸಿಲು ದಾಟಿ ಬಂದರು.