ತೇಲಿದ ಮಂಡಿಚಿಪ್ಪು

ನಾನು ಚಿಕ್ಕವಳಿದ್ದಾಗ ಕೊಡಗು ಬೇರೆಯೇ ಒಂದು ರಾಜ್ಯವಾಗಿತ್ತು. ಹಾರಂಗಿ ಹೊಳೆಗೆ ಅಣೆಕಟ್ಟು ಇರಲಿಲ್ಲ. ಬೇಸಿಗೆಗೆ ಮುಂಚಿನ ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಎತ್ತಿನಗಾಡಿಯ ಹುಲ್ಲಿನ ಮೇಲೆ ಮಲಗಿಸಿಕೊಂಡು, ಹೊಳೆ ದಾಟಿ, ಕುಶಾಲನಗರದ ಡಾಕ್ಟರ ಬಳಿಗೆ ಹೊರಟ. ನನ್ನ ಬಲಮಂಡಿ ಬೆಳಗಾಗುವಷ್ಟರಲ್ಲಿ ಬೇಲದ ಹಣ್ಣಿನಂತೆ ಊದಿತ್ತು.

ಮಂಜಿನಲ್ಲಿ ಎತ್ತುಗಳ ಕೊಂಬು ಮಾತ್ರ ಕಾಣುತ್ತಿತ್ತು. ಕೊರಳ ಗಂಟೆ ಎಲ್ಲೋ ದೂರದಲ್ಲಿ ಅಲುಗಿದಂತಿತ್ತು. ಚಕ್ರದಡಿ ನೀರು ಗುಳುಗುಳು ಎಂದಾಗ, ಹೊಳೆಯಲ್ಲಿದ್ದೇನೋ ಮೋಡದಲ್ಲಿದ್ದೇನೋ ತಿಳಿಯಲಿಲ್ಲ.

"ಎಲ್ಲಾದ್ರೂ ಬಿದ್ಯೇನವ್ವ?" ಎಂದು ಅಪ್ಪ ಕೇಳಿದಾಗಲೆಲ್ಲ "ಇಲ್ಲ" ಎಂದಿದ್ದೆ. ನಿಜವಾಗಿ ಹಿಂದಿನ ಸಂಜೆ ಹುಲ್ಲಿನ ಮೆದೆಯಿಂದ ಹಾರಿದ್ದೆ. ನನ್ನನ್ನು ನೋಡಿಕೊಳ್ಳಬೇಕಿದ್ದ ಅಕ್ಕನೇ ಕೆಳಗೆ ನಿಂತು "ಹಾರೇ" ಎಂದಿದ್ದಳು. ಹೇಳಿದರೆ ಏಟು ಅವಳಿಗೆ.

ಡಾಕ್ಟರು ವಯಸ್ಸಾದವರು. ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಕೈಯ ಹಿಂಬದಿಯನ್ನು ಮೊದಲು ಚೆನ್ನಾಗಿದ್ದ ಮಂಡಿಗೆ, ಆಮೇಲೆ ಊದಿದ್ದಕ್ಕೆ ತಾಗಿಸಿ ಬಿಸಿ ನೋಡಿದರು. ಒಂದು ಕೈಯನ್ನು ತೊಡೆಯಿಂದ ಕೆಳಗೆ ಒತ್ತುತ್ತಾ ತಂದು ಮಂಡಿಯ ಮೇಲೆ ನಿಲ್ಲಿಸಿದರು. ಇನ್ನೊಂದು ಕೈಯ ಬೆರಳಿಂದ ಚಿಪ್ಪನ್ನು ಅದುಮಿದರು. ಅದು ಮೆಲ್ಲಗೆ ಮುಳುಗಿ, ಒಳಗೆಲ್ಲೋ ಟಕ್ ಎಂದು ತಾಗಿ, ಮತ್ತೆ ಮೇಲೆದ್ದಿತು. ನೋವು ಮರೆತು ನೋಡಿದೆ.

"ಕಂಡ್ಯಾ? ತೇಲ್ತಾ ಇದೆ. ಒಳಗೆ ನೀರು ತುಂಬಿದೆ. ಎಲ್ಲಿ ಬಿದ್ದೆ ಮಗು?"

"ಬಿದ್ದಿಲ್ಲ."

ಅವರು ಅಪ್ಪನ ಕಡೆ ತಿರುಗಿದರು. "ಪೆಟ್ಟಾಗ್ದೆ ಊದಿದ್ರೆ ಕೀವಿದ್ಯಾ ಅಂತ ನೋಡ್ಬೇಕು ಗೌಡ್ರೇ. ಮಡಿಕೇರಿಗೆ ಕರ್ಕೊಂಡೋಗಿ."

"ಕಾಲು ಹಿಂಗೇ ಉಳ್ಕೊಂಡ್‌ಬುಟ್ರೆ ಡಾಕ್ಟ್ರೇ?"

ಅಪ್ಪನ ದನಿ ನಡುಗಿದ್ದನ್ನು ಅದೇ ಮೊದಲ ಸಲ ಕೇಳಿದೆ. ತಡೆಯಲಾಗಲಿಲ್ಲ. "ನಿನ್ನೆ ಸಂಜೆ ಮೆದೆಯಿಂದ ಹಾರ್ದೆ. ಅಕ್ಕನ್ ಬೈಬ್ಯಾಡಪ್ಪ!"

ಡಾಕ್ಟರು ನಕ್ಕರು. "ಹಂಗಾದ್ರೆ ಮಡಿಕೇರಿ ಬೇಡ. ಜ್ವರಾನೂ ಇಲ್ಲ. ಪೆಟ್ಟಿನ ನೀರು, ತಾನಾಗೇ ಇಳೀತದೆ. ತಿಕ್ಕಬೇಡಿ, ಹತ್ತು ದಿನ ನಡೆಸಬೇಡಿ."

ಮನೆ ಮುಂದೆ ಅಕ್ಕ ಬಿಳಿಚಿಕೊಂಡು ನಿಂತಿದ್ದಳು. ಅಪ್ಪ ಗಾಡಿ ನಿಲ್ಲಿಸಿ, "ನಿನ್ ತಂಗಿ ಕಾಲು ನೆಟ್ಗಾಯ್ತದೆ ಕಣವ್ವ" ಎಂದ, ಅಷ್ಟೇ. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಹತ್ತು ದಿನವೂ ನನ್ನನ್ನು ಬೆನ್ನ ಮೇಲೆ ಹೊತ್ತು ತಿರುಗಿದಳು.

ಮೊಮ್ಮಕ್ಕಳೇ, ಮೊನ್ನೆ ಫುಟ್‌ಬಾಲ್ ಆಡಿ ನಿಮ್ಮಲ್ಲೊಬ್ಬ ಮಂಡಿ ಊದಿಸಿಕೊಂಡು ಬಂದನಲ್ಲ, ಅವನ ಮಂಡಿಯೊಳಗಿನದನ್ನೆಲ್ಲ ಆಸ್ಪತ್ರೆಯ ಯಂತ್ರ ತೋರಿಸಿತು. ಆ ಚಿತ್ರ ನನ್ನ ಫೋನಿಗೂ ಬಂತು. ಬೆಳದಿಂಗಳಲ್ಲಿ ಕಂಡಂತೆ, ಎಷ್ಟು ಚೆಂದ! ಆದರೆ ಅವನು ಹೇಗೆ ಬಿದ್ದ, ಜೊತೆಗೆ ಯಾರಿದ್ದರು ಎಂಬುದು ಅದರಲ್ಲಿರಲಿಲ್ಲ. ಅದನ್ನು ಅವನೇ ಸಂಜೆ ನನ್ನ ಪಕ್ಕ ಕೂತು, ಮೆಲ್ಲಗೆ ಹೇಳಿದ.