ಗರಿಯ ಮರಿಮೀನು

ಮೊನ್ನೆ ಬ್ರಹ್ಮಪುರದ ಓಣಿಯಲ್ಲಿ ಯಾರೋ ರೇಷ್ಮೆ ದಾರಕ್ಕೆ ಜೇನುಮೇಣ ತಿಕ್ಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಾರ್ಡ್ ಚಾಚಾ ನೆನಪಾದರು...

ನಿಜಾಮರ ಆಳಿಕೆಯ ದಿನಗಳವು. ಮಣಿಸರ ಪೋಣಿಸುವುದು, ಗೊಂಡೆ ಕಟ್ಟುವುದು ನಮ್ಮ ಮನೆತನದ ಕಸುಬು. ರೈಲಿನ ಗಾರ್ಡ್ ಕೆಲಸದಿಂದ ನಿವೃತ್ತರಾಗಿದ್ದ ಚಾಚಾ ಒಂದು ದಿನ ನಮ್ಮ ಅಂಗಡಿಗೆ ಬಂದು ಕೋಳಿಯ ಬಿಳಿ ಗರಿ, ಒಂದು ಗಾಳ ಮುಂದಿಟ್ಟರು.

"ಇದನ್ನ ಇದಕ್ಕ ಕಟ್ಟು ಬೇಟಾ. ಮರಿಮೀನಿನಂಗ ಕಾಣಬೇಕು."

ಬರೀ ಗರಿ ತೋರಿಸಿ ಸಮುದ್ರದ ಮೀನು ಹಿಡಿಯುವುದನ್ನು ಅವರು ಮುಂಬಯಿಯ ದಂಡೆಯಲ್ಲಿ ಒಬ್ಬ ಬಿಳಿ ಅಧಿಕಾರಿಯಿಂದ ಕಲಿತಿದ್ದರಂತೆ. ನಾನು ಮೀನು ತಿಂದವನಲ್ಲ, ಸಮುದ್ರ ಕಂಡವನೂ ಅಲ್ಲ. ಆದರೂ ಮೇಣ ತಿಕ್ಕಿದ ರೇಷ್ಮೆ ದಾರದಿಂದ ಗರಿ ಕಟ್ಟಿದ ಮೇಲೆ ಅದನ್ನು ಎಸೆದು ನೋಡುವ ಆಸೆ ಹುಟ್ಟಿತು.

ಬೀಸುವುದನ್ನು ಕಲಿಸಲು ಚಾಚಾ ನನ್ನನ್ನು ತಮ್ಮೂರು ಕಮಲಾಪುರಕ್ಕೆ ಕರೆದೊಯ್ದು, ಜೋಳ ಕೊಯ್ದ ಹೊಲದಲ್ಲಿ ಬಿದಿರಿನ ಕೋಲು ಕೊಟ್ಟು ನಿಲ್ಲಿಸಿದರು. "ಹಿಂದ ದಾರ ಪೂರಾ ಚಾಚಲಿ. ಆಮ್ಯಾಲ ಮುಂದ ಬೀಸು." ದಾರ ನನ್ನ ರುಮಾಲಿಗೇ ಸುತ್ತಿಕೊಳ್ಳುತ್ತಿತ್ತು. ಮಹಾಗಾಂವದ ಕಡೆ ಹೊರಟಿದ್ದ ಬಂಡಿಯವನೊಬ್ಬ ಎತ್ತು ನಿಲ್ಲಿಸಿ ಕೇಳಿದ: "ಏನ್ರಿ, ಹೊಲದಾಗ ಮೀನ ಹಿಡಿಲಾಕತ್ತೀರೇನು?"

"ಬಿತ್ತಲಾಕತ್ತೀವ್ರಿ! ಬೆಳಿ ಮುಂಬೈದಾಗ ಬರ್ತದ!" ಎಂದು ಚಾಚಾ ನಕ್ಕರು.

ಚಳಿಗಾಲದಲ್ಲಿ ಇಬ್ಬರೂ ರೈಲು ಹತ್ತಿದೆವು. ಮುಂಬಯಿಯಲ್ಲಿ ಕಡಲು ಕಂಡದ್ದೇ ಚಪ್ಪಲಿ ಬಿಟ್ಟು ನೀರಿಗಿಳಿದೆ. ಮೊಳಕಾಲುಮಟ್ಟದ ನೀರಿನಲ್ಲಿ ನಿಂತು ಚಾಚಾ ಮೊದಲು ಬೀಸಿದರು. ಗರಿ ಕಣ್ಣೆದುರೇ ಬಿತ್ತು.

"ಎಲ್ಲಿ ಬಿತ್ತು?" ಎಂದರು.

ಆಗ ತಿಳಿಯಿತು, ಅವರ ಕಣ್ಣು ಮಂಜಾಗಿತ್ತು. ಗರಿ ಕಟ್ಟಿಸಿಕೊಳ್ಳಲು ನಮ್ಮ ಅಂಗಡಿಗೆ ಬಂದದ್ದೂ ಅದಕ್ಕೇ... "ಎಡಕ್ಕ ಬಿತ್ತು ಚಾಚಾ, ಬಂಡೆಗಲ್ಲಿನ ಹತ್ರ" ಎಂದೆ. ಆಮೇಲೆ ಕೋಲನ್ನು ನನ್ನ ಕೈಗಿತ್ತರು. ಗಾಳಿ ದಾರವನ್ನು ಮುಖಕ್ಕೇ ತಿರುಗಿಸಿ ಹೊಡೆಯುತ್ತಿತ್ತು. ಬಿಸಿಲೇರುವ ಹೊತ್ತಿಗೆ ದಾರ ಜಗ್ಗಿತು.

"ಕೋಲ ಎತ್ತಬ್ಯಾಡ! ಕೈಲೆ ದಾರ ಎಳಿ!"

ಎಳೆದೆ, ಮೀನು ಬಂತು. ಚಾಚಾ ಅಂಗೈ ಒದ್ದೆ ಮಾಡಿಕೊಂಡು ಆ ಮೀನನ್ನು ತಲೆಯಿಂದ ಬಾಲದವರೆಗೆ ಸವರಿದರು. "ಈಗ ಕಾಣ್ತು ನೋಡು" ಎಂದು ಅದನ್ನು ನೀರಿಗೇ ಬಿಟ್ಟರು. ಮೀನು ತಿನ್ನದ ನನಗಾಗಿ ಬಿಟ್ಟರೋ ಏನೋ.

ಮರುವರ್ಷ ಚಾಚಾ ಬರಲಾರದೆ ನಾನೊಬ್ಬನೇ ಮುಂಬಯಿಗೆ ಹೋದೆ. ಮೊದಲಿನದಕ್ಕಿಂತ ದೊಡ್ಡದೇ ಸಿಕ್ಕಿತು. ಅದನ್ನು ಹೇಳಲೆಂದು ಮನೆಗೂ ಹೋಗದೆ ಕಮಲಾಪುರಕ್ಕೆ ಓಡಿದೆ. ಬಾಗಿಲು ತೆರೆದ ಚಾಚಾರ ಮಗಳು, "ಅಬ್ಬಾಜಾನ್ ಇಲ್ಲರಿ ಅಣ್ಣಾ... ಹೋದ ವಾರ ಮಣ್ಣ ಮಾಡಿದ್ರು" ಎಂದಳು. ಗೋರಿಯ ಬಳಿ ಕೂತು, ಗಾಳಿ ಯಾವ ಕಡೆಯದು, ಅಲೆ ಎಷ್ಟೆತ್ತರ, ಮೀನು ಹೇಗೆ ಜಗ್ಗಿತು, ಎಲ್ಲವನ್ನೂ ಗಟ್ಟಿಯಾಗಿಯೇ ಹೇಳಿದೆ.

ಈಗ ನಾನೇ ಅವರ ವಯಸ್ಸು ದಾಟಿದ್ದೇನೆ. ಇಂದಿಗೂ ನಾನು ಬೀಸಿದ ಗರಿ ಅಂದುಕೊಂಡ ಕಡೆಯೇ ಬೀಳುತ್ತದೆ. ಭೇಷ್ ಎನ್ನುವವರು ಮಾತ್ರ ಇಲ್ಲ.